ಮರಳಿ ಬರಬೇಕಾದ ಹಾಳೆ

ಇಬ್ಬರೂ ಬರಬೇಕು.
ಬಾಗಿಲಿಗೆ ಅಂಟಿಸಿದ್ದೇನೆ, ಫೋನಿನಲ್ಲೂ ಹೇಳುತ್ತೇನೆ,
ಆದರೂ ವಾರಕ್ಕೊಬ್ಬ ಒಬ್ಬನೇ ಬರುತ್ತಾನೆ
ಕೈಯಲ್ಲಿ ಟೋಪಿ ತಿರುಗಿಸುತ್ತ, ಅವಳಿಗೆ ಪಾಳಿ ಇದೆ ಅನ್ನುತ್ತಾನೆ.
ಪಾಳಿ ಮುಗಿಯಲಿ. ಐದರವರೆಗೆ ಇರುತ್ತೇನೆ,
ಟಾರ್ಬೆಟ್ ಕೌಂಟಿಗೆ ಗುಮಾಸ್ತೆ ನಾನೊಬ್ಬಳೇ.

ಗುರುತಿನ ಚೀಟಿ, ಫೋಟೋ ಇರುವಂಥದು.
ಇಪ್ಪತ್ತೈದು ಡಾಲರು, ನಗದು. ಚಿಲ್ಲರೆ ತಂದರೆ ಪುಣ್ಯ.
ಹಿಂದೆ ಮದುವೆಯಾಗಿದ್ದರೆ ಅದು ಮುಗಿದದ್ದು ಹೇಗೆ:
ಸಾವು, ವಿಚ್ಛೇದನ, ಎರಡೇ ಚೌಕ.
ಕೆಲವರು ಎರಡರ ನಡುವೆ ಪೆನ್ನು ಹಿಡಿದು ನಿಲ್ಲುತ್ತಾರೆ.
ನಾನಾಗ ಕಿಟಕಿಯಾಚೆ ಗೋಧಿಯ ಸೈಲೋ ನೋಡುತ್ತೇನೆ.
ಮೂವತ್ತೊಂದು ವರ್ಷದಲ್ಲಿ ಕಲಿತ ವಿದ್ಯೆ ಅದೊಂದೇ.

ಪೆನ್ನಿಗೆ ಸರಪಳಿ ಹಾಕಿದ್ದಕ್ಕೆ ಎಲ್ಲರದೂ ಒಂದೇ ಜೋಕು.
ಎಲ್ಲರಿಗೂ ನಗುತ್ತೇನೆ. ಸಂಬಳದಲ್ಲಿ ಅದೂ ಸೇರಿದೆ.

ಮಾರ್ಚಿನಲ್ಲಿ, ಹಿಮ ಕರಗಿ ಮೆಟ್ಟಿಲೆಲ್ಲ ಕೆಸರಾದ ದಿನ
ಲೆಮ್ಯುಯಲ್ ಹ್ಯಾಡ್ಲಿ ಬಂದ. ಎಪ್ಪತ್ತೊಂದು.
ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರು ನೋಡುತ್ತಿದ್ದವ.
ಜೊತೆಗೆ ವರ್ನಾ ಓಲ್ಡಕೌಸ್ಕಿ,
ನನ್ನ ಮಕ್ಕಳನ್ನು ಹನ್ನೆರಡು ವರ್ಷ ಶಾಲೆಯ ಬಸ್ಸಿನಲ್ಲಿ ಹೊತ್ತವಳು,
ಈಗಲೂ ಬಾಗಿಲು ದಾಟುವ ಮುಂಚೆ ಎಡಬಲ ನೋಡುತ್ತಾಳೆ.

ತಾಯಿಯ ತವರಿನ ಹೆಸರು, ಒಂಬತ್ತನೆಯ ಸಾಲು.
ಅವನ ಪೆನ್ನು ನಿಂತಿತು.
ಓಪಲ್ ಅಂತ ಗೊತ್ತು, ಅಂದ. ಅಷ್ಟೇ.
ನನಗೆ ಎರಡು ವರ್ಷವಾದಾಗ ಹೋದಳಂತೆ.
ಸಾಕಿದವರು ಆ ಮಾತು ಎತ್ತುತ್ತಿರಲಿಲ್ಲ, ನಾನೂ ಕೆದಕಲಿಲ್ಲ.
ಖಾಲಿ ಬಿಟ್ಟರೆ ನಡೆಯುತ್ತದಾ?

ನಡೆಯುತ್ತದೆ. ಗೊತ್ತಿಲ್ಲ ಎಂದು ಬರೆದರೂ ಸರಕಾರಕ್ಕೆ ನಿದ್ದೆ ಬರುತ್ತದೆ.
ಆದರೆ ಆ ಮನುಷ್ಯ ಶೂ ಪಾಲಿಶ್ ಮಾಡಿಕೊಂಡು ಬಂದಿದ್ದ,
ಆ ಕೆಸರಿನಲ್ಲಿ.
ಕೂತಿರಿ ಅಂದೆ. ಬೀಗದ ಕೈ ತೆಗೆದುಕೊಂಡು ನೆಲಮಾಳಿಗೆಗೆ ಇಳಿದೆ.

ಹಳೆಯ ರಿಜಿಸ್ಟರು ಒಂದೊಂದೂ ಕರುವಿನಷ್ಟು ಭಾರ,
ತಬ್ಬಿ ಎಳೆಯಬೇಕು, ಬೆನ್ನು ಉಳುಕದ ಹಾಗೆ.
ಹ್ಯಾಡ್ಲಿ ಎಂಬ ವರ ಯಾವ ವರ್ಷದಲ್ಲೂ ಸಿಗಲಿಲ್ಲ.
ವಧುಗಳ ಕಡೆ ಸಿಕ್ಕಿತು. ಐವತ್ಮೂರು, ಅಕ್ಟೋಬರ್:
ಓಪಲ್ ಹ್ಯಾಡ್ಲಿ, ಹತ್ತೊಂಬತ್ತು, ಲಾಂಡ್ರಿ ಕೆಲಸ.
ಪಕ್ಕದಲ್ಲಿ ಒಬ್ಬ ಗಂಡಸಿನ ಹೆಸರು, ಊರು. ಎರಡು ಸಹಿ.
ಲೈಸೆನ್ಸು ಕೊಟ್ಟ ತಾರೀಖು ಇದೆ.
ಮರಳಿ ಬಂದ ತಾರೀಖಿನ ಕಲಮು ಖಾಲಿ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು,
ಕೌಂಟರಿನಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ:
ನಾನು ಕೊಡುವುದು ಮದುವೆಯಲ್ಲ, ಅಪ್ಪಣೆ.
ಅರವತ್ತು ದಿನದೊಳಗೆ ಯಾರಿಂದಲಾದರೂ ಮಾಡಿಸಿ, ಸಾಕ್ಷಿ ಹಾಕಿಸಿ,
ಹಾಳೆ ನನ್ನ ಮೇಜಿಗೆ ಮರಳಿದರೆ ಅದು ಮದುವೆ.
ಮರಳದಿದ್ದರೆ,
ಇಬ್ಬರು ಒಂದು ದಿನ ಇಲ್ಲಿ ನಿಂತಿದ್ದರು ಎಂಬುದಕ್ಕೆ ರಸೀದಿ.

ಗಂಡಸಿನ ಹೆಸರನ್ನು ಬೆರಳಿನಲ್ಲಿ ಮುಚ್ಚಿಕೊಂಡು ಮತ್ತೊಮ್ಮೆ ಓದಿದೆ,
ಬೆನ್ನ ಹಿಂದೆ ಯಾರೋ ಇಣುಕುತ್ತಿರುವ ಹಾಗೆ.
ಮೇಲೆ ಬಂದೆ.

ನಿಮ್ಮ ಹೆಸರನ್ನೇ ಇನ್ನೊಮ್ಮೆ ಬರೆಯಿರಿ, ಅಂದೆ.
ಹ್ಯಾಡ್ಲಿ.

ಅವನು ಆ ಸಾಲು ನೋಡಿದ, ಮೊದಲ ಸಾಲು ನೋಡಿದ.
ಬಾಯ್ಲರು ಕಾದವನಿಗೆ ಮುಳ್ಳು ಓದಲು ಬರುತ್ತದೆ.
ಬರೆದ. ಎರಡನೆಯ ಹ್ಯಾಡ್ಲಿ ದುಂಡಗಿತ್ತು,
ಕಾಪಿ ಪುಸ್ತಕದಲ್ಲಿ ಹುಡುಗ ತಿದ್ದಿದಂತೆ.
ಇನ್ನೇನಾದರೂ ಇತ್ತಾ ಅಲ್ಲಿ?
ಇದೆ, ಅಂದೆ. ಯಾವಾಗ ಬೇಕಾದರೂ ಬನ್ನಿ.

ವರ್ನಾ ಮಾತಾಡಲಿಲ್ಲ. ಮದುವೆಯ ನಂತರದ ಹೆಸರು ಎಂಬಲ್ಲಿ
ಓಲ್ಡಕೌಸ್ಕಿ ಎಂದು ಆಗಲೇ ಬರೆದಿದ್ದಳು.
ಅದನ್ನು ಹೊಡೆದುಹಾಕಲೂ ಇಲ್ಲ.
ಒಂದು ಕೈಯಲ್ಲಿ ಅವನ ಮೊಣಕೈ ಹಿಡಿದು, ಇನ್ನೊಂದರಲ್ಲಿ
ದುಡ್ಡು ಎಣಿಸಿಟ್ಟಳು, ಸರಿಯಾಗಿ ಇಪ್ಪತ್ತೈದು.

ಇವತ್ತಿಗೆ ನಲವತ್ತೊಂದು ದಿನ.
ಆತುರವಿಲ್ಲದ ವಯಸ್ಸು, ಗೊತ್ತು.
ಪಾದ್ರಿಗೆ ಮಂಡಿ ಆಪರೇಶನ್ನಂತೆ, ಅದನ್ನೂ ಕೇಳಿದೆ.
ಆದರೂ ಬಾಗಿಲ ಕಡೆ ಒಂದು ಕಿವಿ.
ಟಪಾಲಿನವಳು ಹತ್ತೂವರೆಗೆ ಬರುತ್ತಾಳೆ, ಗಾಳಿ ಇದ್ದರೆ ಹನ್ನೊಂದು.
ಗಾಳಿ ಇದೆ.